ಪರಿಸರ ಅಧ್ಯಯನ ಓದಿದರೆ ಮುಂದೆ ಏನು ಕೆಲಸ?

ಪ್ರಶ್ನೆ: ಪದವಿಗೆ ಪರಿಸರ ಅಧ್ಯಯನ ತಗೊಳ್ಳಬೇಕು ಅಂತ ಆಸೆ. ಮನೆಯಲ್ಲಿ "ಅದನ್ನ ಓದಿ ಯಾವ ಕೆಲಸ ಮಾಡ್ತೀಯ?" ಅಂತ ಕೇಳುತ್ತಾರೆ, ನನ್ನ ಹತ್ತಿರ ಉತ್ತರ ಇಲ್ಲ. ಒಂದು ವಿಶ್ವವಿದ್ಯಾಲಯದಲ್ಲಿ ಪರಿಸರ ಅಧ್ಯಯನ ಅಂತಿದೆ, ಇನ್ನೊಂದರಲ್ಲಿ ಪರಿಸರ ವಿಜ್ಞಾನ ಅಂತಿದೆ, ಎರಡೂ ಒಂದೇನಾ? ಕೆಮಿಸ್ಟ್ರಿ ಮತ್ತು ಗಣಿತ ನನಗೆ ಅಷ್ಟಕ್ಕಷ್ಟೇ. ಓದುತ್ತಿರುವಾಗಲೇ ಕೆಲಸಕ್ಕೆ ತಯಾರಾಗುವುದು ಹೇಗೆ? ಮಾಸ್ಟರ್ಸ್ ಮಾಡಲೇಬೇಕಾ?

ಉತ್ತರ:

ಮನೆಯವರ ಪ್ರಶ್ನೆಯಿಂದಲೇ ಶುರು ಮಾಡೋಣ. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಈ ಓದಿಗೆ ಕೆಲಸ ಇದೆ. ಆದರೆ ಆ ಕೆಲಸಗಳ ಹೆಸರಿನಲ್ಲಿ ಪರಿಸರ ಅನ್ನುವ ಪದ ಎಷ್ಟೋ ಸಲ ಇರುವುದೇ ಇಲ್ಲ, ಹಾಗಾಗಿ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ನೀರು ಶುದ್ಧೀಕರಣ ಘಟಕದಲ್ಲಿ ಗುಣಮಟ್ಟ ನೋಡುವವರು, ಕಾರ್ಖಾನೆಯ ಸುರಕ್ಷತಾ ವಿಭಾಗದಲ್ಲಿ ಹೊಗೆ, ತ್ಯಾಜ್ಯದ ಲೆಕ್ಕ ಇಡುವವರು, ಅಣೆಕಟ್ಟು ಕಟ್ಟುವ ಮೊದಲು ಅದರಿಂದ ಏನೇನಾಗುತ್ತದೆ ಅಂತ ವರದಿ ಬರೆಯುವವರು, ಬ್ಯಾಂಕಿನಲ್ಲಿ ಕೂತು ಸಾಲ ಕೇಳಿದ ಕಂಪನಿಯ ಪರಿಸರದ ರಿಸ್ಕ್ ಅಳೆಯುವವರು, ಉಪಗ್ರಹ ಚಿತ್ರ ನೋಡಿ ಕಾಡು ಎಲ್ಲಿ ಕಡಿಮೆಯಾಯಿತು ಅಂತ ನಕ್ಷೆ ಮಾಡುವವರು. ಇವರಲ್ಲಿ ಯಾರ ಕೆಲಸಕ್ಕೆ ಬೇಕಾದರೂ ನಿಮ್ಮ ಓದಿನಿಂದ ಹೋಗಬಹುದು. ಕಷ್ಟ ಇರುವುದೂ ಇಲ್ಲೇ. ಪದವಿ ತುಂಬಾ ಅಗಲ, ಕೆಲಸಗಳು ಒಂದೊಂದೂ ಕಿರಿದು. ಮೂರ್ನಾಲ್ಕು ವರ್ಷ ಎಲ್ಲದರ ಬಗ್ಗೆ ಸ್ವಲ್ಪ ಸ್ವಲ್ಪ ಓದಿ ಹೊರಬಂದರೆ ಯಾವ ಬಾಗಿಲಿಗೂ ಸರಿಯಾಗಿ ಹೊಂದುವುದಿಲ್ಲ. ಅಗಲವನ್ನು ಕಾಲೇಜು ಕೊಡುತ್ತದೆ. ಆಳವನ್ನು ನೀವೇ ಒಂದು ಕಡೆ ಅಗೆದುಕೊಳ್ಳಬೇಕು.

ನಾನು ಕೆಲಸಕ್ಕೆ ಬಂದ ಅರ್ಜಿ ಓದುವ ಕಡೆ ಕೂತವನು. ಅರ್ಜಿಗಳ ಮೊದಲ ಸಾಲು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ: ಚಿಕ್ಕಂದಿನಿಂದ ನಿಸರ್ಗ ಅಂದರೆ ಪ್ರಾಣ. ಇರಲಿ, ಬೇಡ ಅನ್ನುವವರು ಯಾರು? ಆದರೆ ಎಲ್ಲರ ಅರ್ಜಿಯಲ್ಲೂ ಅದೇ ಸಾಲು ಇದ್ದಾಗ ಅದನ್ನು ಇಟ್ಟುಕೊಂಡು ಯಾರನ್ನು ಆರಿಸುವುದು? ನಾವು ಹುಡುಕುವುದು ಬೇರೆ. ಇವರು ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಬಂದರೆ ಕೈಗೆ ಏನು ಕೊಡಬಹುದು? ನೀರಿನ ಸ್ಯಾಂಪಲ್ ತರಲು ಕಳಿಸಬಹುದಾ, ನಕ್ಷೆ ಮಾಡಿಸಬಹುದಾ, ಲ್ಯಾಬಿನಿಂದ ಬಂದ ಅಂಕಿಗಳನ್ನು ಕೊಟ್ಟು ಎರಡು ಪುಟ ಬರೆಸಬಹುದಾ? ಇದರಲ್ಲಿ ಒಂದಕ್ಕಾದರೂ ಹೌದು ಅನ್ನುವ ಪುರಾವೆ ಅರ್ಜಿಯಲ್ಲಿ ಇದ್ದರೆ ಸಂದರ್ಶನಕ್ಕೆ ಕರೆಯುತ್ತೇವೆ.

ಅಧ್ಯಯನ, ವಿಜ್ಞಾನ ಎರಡೂ ಒಂದೇನಾ ಅಂತ ಕೇಳಿದಿರಿ. ಒಂದೇ ಅಲ್ಲ. ಪರಿಸರ ಅಧ್ಯಯನದಲ್ಲಿ ಸಾಮಾನ್ಯವಾಗಿ ಕಾನೂನು, ನೀತಿ, ಅರ್ಥಶಾಸ್ತ್ರ, ಸಮಾಜ ಜಾಸ್ತಿ, ವಿಜ್ಞಾನ ಬೇಕಾದಷ್ಟು. ಪರಿಸರ ವಿಜ್ಞಾನದಲ್ಲಿ ರಸಾಯನ, ಜೀವಶಾಸ್ತ್ರ, ಮಣ್ಣು, ನೀರು, ಲ್ಯಾಬು. ಪರಿಸರ ಎಂಜಿನಿಯರಿಂಗ್ ಅಂತ ಮೂರನೆಯದೂ ಇದೆ. ಕೊಳಚೆ ನೀರಿನ ಘಟಕ ಎಷ್ಟು ದೊಡ್ಡದಿರಬೇಕು, ಯಾವ ಪಂಪು, ಎಷ್ಟು ಗಾಳಿ ಊದಬೇಕು ಅನ್ನುವ ವಿನ್ಯಾಸದ ಕೆಲಸ ಅದು. ಆ ವಿನ್ಯಾಸಕ್ಕೆ ಸಹಿ ಹಾಕುವ ಕೆಲಸವೇ ಬೇಕು ಅಂತಿದ್ದರೆ ಎಂಜಿನಿಯರಿಂಗ್ ಪದವಿಯೇ ಬೇಕಾಗುತ್ತದೆ. ಅಧ್ಯಯನ ಓದಿ ಆಮೇಲೆ ಅಲ್ಲಿಗೆ ಜಿಗಿಯುವುದು ಕಷ್ಟ. ಇದನ್ನು ಈಗಲೇ ತಿಳಿದುಕೊಂಡಿರಿ.

ಆದರೆ ಹೆಸರು ನೋಡಿ ಮೋಸ ಹೋಗಬೇಡಿ. ವಿಜ್ಞಾನ ಅಂತ ಬೋರ್ಡು ಹಾಕಿ ಬರೀ ಪುಸ್ತಕ ಓದಿಸುವ ವಿಭಾಗಗಳಿವೆ. ಅಧ್ಯಯನ ಅಂತ ಹೆಸರಿಟ್ಟು ಪ್ರತಿ ಸೆಮಿಸ್ಟರ್ ಬಯಲಿಗೆ ಕರೆದುಕೊಂಡು ಹೋಗುವ ವಿಭಾಗಗಳೂ ಇವೆ. ಸಿಲಬಸ್ ತೆಗೆದು ನೋಡಿ. ಸಂಖ್ಯಾಶಾಸ್ತ್ರ ಕಡ್ಡಾಯ ಇದೆಯಾ? ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡಿ ವಿಶ್ಲೇಷಿಸುವ ವಿದ್ಯೆ, ಇದೆಯಾ, ಇದ್ದರೆ ಅದು ಕಂಪ್ಯೂಟರ್ ಮುಂದೆ ಕೂತು ಮಾಡುವ ಕ್ಲಾಸಾ ಅಥವಾ ಸುಮ್ನೆ ವ್ಯಾಖ್ಯೆ ಬರೆಸುವ ಕ್ಲಾಸಾ? ಕೊನೆಯ ವರ್ಷದ ಪ್ರಾಜೆಕ್ಟಿಗೆ ಎಷ್ಟು ತಿಂಗಳು? ಕಳೆದ ಬ್ಯಾಚಿನವರು ಈಗ ಎಲ್ಲೆಲ್ಲಿ ಇದ್ದಾರೆ ಅಂತ ವಿಭಾಗದವರನ್ನೇ ಕೇಳಿ. ಅವರಿಗೆ ಅದು ಗೊತ್ತಿಲ್ಲ ಅಂದರೆ ವಿದ್ಯಾರ್ಥಿಗಳ ಮುಂದಿನ ಕಥೆಯನ್ನು ಅಲ್ಲಿ ಯಾರೂ ವಿಚಾರಿಸುತ್ತಿಲ್ಲ ಅಂತ ಅರ್ಥ.

ಇನ್ನು ನಿಜವಾದ ಕೆಲಸ ಹೇಗಿರುತ್ತದೆ ಅಂತ ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ, ಆಗ ಏನು ಕಲಿಯಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಒಂದು ಕೆರೆಯ ನೀರಿನ ಸ್ಯಾಂಪಲ್ ತರಬೇಕು. ಇದರಲ್ಲೇನಿದೆ, ಬಾಟಲಿ ಮುಳುಗಿಸಿ ತುಂಬಿಕೊಂಡು ಬಂದರಾಯಿತು ಅಂತ ಹೊಸಬರೆಲ್ಲ ಅಂದುಕೊಳ್ಳುತ್ತಾರೆ. ನೀರಿನಲ್ಲಿ ಕರಗಿರುವ ಆಮ್ಲಜನಕ ಅಳೆಯಬೇಕಾದರೆ 300 ಮಿಲಿಲೀಟರಿನ ಗಾಜಿನ ಬಾಟಲಿಯನ್ನು ಒಂದು ಗುಳ್ಳೆಯೂ ಉಳಿಯದ ಹಾಗೆ ತುಂಬಿ ಬಿರಡೆ ಹಾಕಬೇಕು, ಗಾಳಿ ಉಳಿದರೆ ಅದರ ಆಮ್ಲಜನಕ ನೀರಿಗೆ ಸೇರಿ ಲೆಕ್ಕ ಕೆಡುತ್ತದೆ. ಅದೇ ಕೆರೆಯ ದಡದಲ್ಲಿ ನಿಂತು ಬ್ಯಾಕ್ಟೀರಿಯಾ ಪರೀಕ್ಷೆಗೆ ನೀರು ತುಂಬುವಾಗ ಇದಕ್ಕೆ ಪೂರ್ತಿ ಉಲ್ಟಾ: ಕ್ರಿಮಿಶುದ್ಧ ಮಾಡಿದ ಬಾಟಲಿ ಬೇಕು, ಮೇಲೆ ಸ್ವಲ್ಪ ಜಾಗ ಬಿಡಬೇಕು, ಯಾಕಂದರೆ ಲ್ಯಾಬಿನಲ್ಲಿ ಅದನ್ನು ಕುಲುಕಿ ಬೆರೆಸಬೇಕಾಗುತ್ತದೆ. ಲೋಹಗಳನ್ನು ನೋಡಬೇಕಾದರೆ ಮೂರನೇ ಬಾಟಲಿ, ಅದಕ್ಕೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ಇಳಿಸಬೇಕು, ಇಲ್ಲದಿದ್ದರೆ ಲೋಹ ಬಾಟಲಿಯ ಗೋಡೆಗೆ ಹತ್ತಿಕೊಂಡು ಲ್ಯಾಬಿನಲ್ಲಿ ಕಡಿಮೆ ತೋರಿಸುತ್ತದೆ. ಒಂದೇ ನೀರು, ಮೂರು ಬಾಟಲಿ, ಮೂರು ಕ್ರಮ.

ಎಷ್ಟು ಗಂಟೆಗೆ ತಂದಿರಿ ಅನ್ನುವುದೂ ಮುಖ್ಯ. ಪಾಚಿ ತುಂಬಿದ ಕೆರೆಯಲ್ಲಿ ಮಧ್ಯಾಹ್ನ ಮೂರಕ್ಕೆ ಅಳೆದರೆ ಆಮ್ಲಜನಕ ಭರ್ಜರಿಯಾಗಿ ಇರುತ್ತದೆ. ಬಿಸಿಲಲ್ಲಿ ಪಾಚಿ ಆಮ್ಲಜನಕ ಬಿಡುತ್ತಿರುತ್ತದಲ್ಲ. ರಾತ್ರಿಯೆಲ್ಲ ಅದೇ ಪಾಚಿ ಉಸಿರಾಡಿ ಅದನ್ನು ಖಾಲಿ ಮಾಡುತ್ತದೆ, ಸೂರ್ಯ ಹುಟ್ಟುವ ಮೊದಲು ತಳ ಮುಟ್ಟಿರುತ್ತದೆ, ಮೀನು ಸಾಯುವುದು ಆ ಹೊತ್ತಿನಲ್ಲಿ. ಆಫೀಸಿನ ಸಮಯದಲ್ಲಿ ಹೋಗಿ ಅಳೆದು ಬಂದವರು ಕೆರೆ ಆರೋಗ್ಯವಾಗಿದೆ ಅಂತ ಬರೆಯುತ್ತಾರೆ. ಅಂಕಿ ಸುಳ್ಳಲ್ಲ, ವರದಿ ಸುಳ್ಳು. ಇದು ಪರೀಕ್ಷೆಗೆ ಓದಿ ಬರುವ ವಿಷಯವಲ್ಲ. ಕತ್ತಲಿರುವಾಗಲೇ ಎದ್ದು ಒಂದು ಸಲ ಅಳೆದು, ಮಧ್ಯಾಹ್ನ ಮತ್ತೆ ಅಳೆದು, ಎರಡನ್ನೂ ಪಕ್ಕ ಪಕ್ಕ ಬರೆದವರಿಗೆ ಮರೆಯುವುದಿಲ್ಲ.

ಬಿಒಡಿ ಅಂತ ಕೇಳಿರುತ್ತೀರಿ. ನೀರಿನಲ್ಲಿರುವ ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ಖರ್ಚು ಮಾಡುತ್ತವೆ ಅನ್ನುವ ಲೆಕ್ಕ. ಹೆಚ್ಚಿನ ಕಡೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 5 ದಿನ ಕತ್ತಲಲ್ಲಿ ಇಟ್ಟು ನೋಡುತ್ತಾರೆ, ಬಿಸಿ ಪ್ರದೇಶದ ಕೆಲವು ಮಾನದಂಡಗಳಲ್ಲಿ 27 ಡಿಗ್ರಿಯಲ್ಲಿ 3 ದಿನ. ಈ ಎರಡು ಥರದ ಅಂಕಿಗಳನ್ನು ಒಂದೇ ಕಾಲಮ್ಮಿನಲ್ಲಿ ಹಾಕಿ ಗ್ರಾಫ್ ಎಳೆದು ಮಾಲಿನ್ಯ ಇಳಿದಿದೆ ಅಂತ ತೀರ್ಮಾನಕ್ಕೆ ಬರಬಾರದು. ಅಂಕಿ ಬಂದ ಕೂಡಲೇ ಯಾವ ವಿಧಾನ ಅಂತ ಕೇಳುವ ಅಭ್ಯಾಸ ಬೆಳೆಸಿಕೊಳ್ಳಿ.

ಈಗ ಕೆಮಿಸ್ಟ್ರಿ, ಗಣಿತದ ಭಯಕ್ಕೆ ಬರುತ್ತೇನೆ. ಸಂದರ್ಶನದಲ್ಲಿ ನಾನು ಇಷ್ಟಪಟ್ಟು ಕೇಳುವ ಪ್ರಶ್ನೆ ಒಂದಿದೆ. ಒಂದು ಲೀಟರ್ ಡೀಸೆಲ್ಲಿನ ತೂಕ ಒಂದು ಕಿಲೋಗಿಂತ ಕಡಿಮೆ, ಸುಮಾರು 0.84 ಕಿಲೋ. ಅದನ್ನು ಸುಟ್ಟರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಸುಟ್ಟದ್ದಕ್ಕಿಂತ ಮೂರು ಪಟ್ಟು ತೂಕ ಎಲ್ಲಿಂದ ಬಂತು? ಎಷ್ಟೋ ಜನ ಇಲ್ಲಿ ತಡವರಿಸುತ್ತಾರೆ. ಉತ್ತರ ಹೈಸ್ಕೂಲಿನ ಪಾಠದಲ್ಲಿಯೇ ಇದೆ. ಇಂಗಾಲದ ಒಂದು ಪರಮಾಣುವಿನ ತೂಕ 12, ಅದು ಗಾಳಿಯಿಂದ ಎರಡು ಆಮ್ಲಜನಕವನ್ನು ಎಳೆದುಕೊಂಡು 44 ಆಗುತ್ತದೆ. ಜಾಸ್ತಿಯಾದ ತೂಕ ಗಾಳಿಯದ್ದು. ಇಷ್ಟು ಕೆಮಿಸ್ಟ್ರಿ ಗಟ್ಟಿ ಇದ್ದರೆ ಕಂಪನಿಗಳ ಇಂಗಾಲದ ಲೆಕ್ಕದ ಕೆಲಸಕ್ಕೆ ಅಡಿಪಾಯ ಸಿಕ್ಕಿತು. ಉಳಿದದ್ದು ತಾಳ್ಮೆ ಮತ್ತು ಎಕ್ಸೆಲ್.

ಗಣಿತವೂ ಹಾಗೆಯೇ. ನಿಮಗೆ ಕಠಿಣ ಕ್ಯಾಲ್ಕುಲಸ್ ದಿನಾ ಬೇಕಾಗುವುದಿಲ್ಲ. ಬೇಕಾಗುವುದು ಅಳತೆಯ ಮಾನಗಳು, ಅನುಪಾತ, ಶೇಕಡಾ, ಲಾಗ್, ಮತ್ತೆ ಸಂಖ್ಯಾಶಾಸ್ತ್ರ. ಮಿಲಿಗ್ರಾಂ ಯಾವುದು, ಮೈಕ್ರೋಗ್ರಾಂ ಯಾವುದು ಅಂತ ಎಡವಿದರೆ ವರದಿ ಸಾವಿರ ಪಟ್ಟು ತಪ್ಪುತ್ತದೆ. 1958ರಿಂದ ಹವಾಯಿಯ ಮೌನಾ ಲೋವಾದಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಅಳೆಯುತ್ತಿದ್ದಾರೆ, ಶುರುವಿನಲ್ಲಿ ಹತ್ತು ಲಕ್ಷಕ್ಕೆ ಸುಮಾರು 315 ಭಾಗ ಇದ್ದದ್ದು ಈಗ 420 ದಾಟಿದೆ. ಆ ಗ್ರಾಫ್ ನೋಡಿ. ಗೆರೆ ನೇರ ಹೋಗುವುದಿಲ್ಲ, ಪ್ರತಿ ವರ್ಷ ಮೇಲೆ ಹೋಗಿ ಕೆಳಗೆ ಬಂದು ಮತ್ತೆ ಮೇಲೆ ಹೋಗುತ್ತದೆ, ಗಿಡಮರಗಳು ಬೆಳೆಯುವ ಕಾಲದಲ್ಲಿ ಇಳಿತ, ಎಲೆ ಉದುರಿ ಕೊಳೆಯುವ ಕಾಲದಲ್ಲಿ ಏರಿಕೆ. ಋತುವಿನ ಏರಿಳಿತ ಯಾವುದು, ವರ್ಷದಿಂದ ವರ್ಷಕ್ಕೆ ಆಗುತ್ತಿರುವ ಏರಿಕೆ ಯಾವುದು ಅಂತ ಬಿಡಿಸಿ ಹೇಳಲು ಬಂದರೆ ನಿಮ್ಮ ಸಂಖ್ಯಾಶಾಸ್ತ್ರ ಕೆಲಸಕ್ಕೆ ಬರುತ್ತದೆ. ಆ ದತ್ತಾಂಶ ಉಚಿತವಾಗಿ ಸಿಗುತ್ತದೆ, ಇಳಿಸಿಕೊಂಡು ನೀವೇ ಬಿಡಿಸಿ ನೋಡಿ. ಅಂಕಿಗಳ ಲೆಕ್ಕಕ್ಕೆ ಬಳಸುವ ಆರ್ ಅಥವಾ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಇದಕ್ಕಿಂತ ಒಳ್ಳೆಯ ಮೊದಲ ಅಭ್ಯಾಸ ನನಗೆ ಗೊತ್ತಿಲ್ಲ.

ಕಾಲೇಜಿನಲ್ಲಿ ಅಷ್ಟಾಗಿ ಹೇಳಿಕೊಡದ ಇನ್ನೊಂದು ವಿಷಯ. ಲ್ಯಾಬ್ ವರದಿಯಲ್ಲಿ ಎನ್‌ಡಿ ಅಂತ ಇರುತ್ತದೆ, ಅಂದರೆ ಪತ್ತೆಯಾಗಲಿಲ್ಲ ಅಂತ. ಹೊಸಬರು ಅದನ್ನು ಸೊನ್ನೆ ಅಂತ ಓದುತ್ತಾರೆ. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪರೀಕ್ಷೆಗೆ ಬಳಸಿದ ಉಪಕರಣ 0.05ಕ್ಕಿಂತ ಕಡಿಮೆ ಇದ್ದರೆ ಕಾಣಿಸುವುದೇ ಇಲ್ಲ ಅಂತಿಟ್ಟುಕೊಳ್ಳಿ. ಆಗ ಪತ್ತೆಯಾಗಲಿಲ್ಲ ಅನ್ನುವ ಫಲಿತಾಂಶಕ್ಕೆ ಏನು ಬೆಲೆ? ನೀರಿನಲ್ಲಿ ಮಿತಿಯ ನಾಲ್ಕು ಪಟ್ಟು ಆರ್ಸೆನಿಕ್ ಇದ್ದರೂ ಅದೇ ಉತ್ತರ ಬರುತ್ತಿತ್ತು. ಪತ್ತೆ ಮಿತಿ ಎಷ್ಟು ಅಂತ ಕೇಳಿದ ಹೊಸಬರನ್ನು ನಾನು ಎರಡನೇ ಸಲ ತಿರುಗಿ ನೋಡುತ್ತೇನೆ.

ನಕ್ಷೆ ಕಲಿಯಿರಿ. ನೀವು ನೀರಿನ ಕಡೆ ಹೋದರೂ, ಕಾಡಿನ ಕಡೆ ಹೋದರೂ, ಕಾನೂನಿನ ಕಡೆ ಹೋದರೂ ಜಿಐಎಸ್ ಉಪಯೋಗಕ್ಕೆ ಬರುತ್ತದೆ. ಅದಕ್ಕೆ ಬೇಕಾದ ಕ್ಯೂಜಿಐಎಸ್ ಅನ್ನುವ ಸಾಫ್ಟ್‌ವೇರ್ ಉಚಿತ. ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳು 1972ರಿಂದ ಇವೆ, 2008ರಿಂದ ಯಾರು ಬೇಕಾದರೂ ದುಡ್ಡು ಕೊಡದೆ ಇಳಿಸಿಕೊಳ್ಳಬಹುದು. 2015ರಲ್ಲಿ ಹಾರಿದ ಸೆಂಟಿನೆಲ್-2 ಉಪಗ್ರಹದ ಚಿತ್ರಗಳಲ್ಲಿ 10 ಮೀಟರ್ ಮಟ್ಟದ ವಿವರ ಕಾಣುತ್ತದೆ. ಉಪಕರಣ ಕೈಗೆ ಸಿಕ್ಕಿತು, ಇನ್ನು ಬೇಕಾದದ್ದು ತಲೆ. ಒಂದು ಚಿತ್ರ ಮಳೆಗಾಲ ಮುಗಿದ ತಕ್ಷಣದ್ದು, ಇನ್ನೊಂದು ಬೇಸಿಗೆಯದ್ದು, ಎರಡನ್ನೂ ಹೋಲಿಸಿ ಕಾಡು ಅರ್ಧ ಹೋಯಿತು ಅಂತ ಬರೆದ ವಿದ್ಯಾರ್ಥಿ ಪ್ರಾಜೆಕ್ಟುಗಳನ್ನು ನೋಡಿದ್ದೇನೆ. ಕಾಡು ಎಲ್ಲೂ ಹೋಗಿರಲಿಲ್ಲ, ಎಲೆ ಉದುರಿತ್ತು. ಇನ್ನೊಂದು ಉಲ್ಟಾ ತಪ್ಪು: ಒಂದೇ ಜಾತಿಯ ಮರ ಸಾಲಾಗಿ ನೆಟ್ಟ ತೋಪು ಮೇಲಿನಿಂದ ಹಸಿರಾಗಿಯೇ ಕಾಣುತ್ತದೆ, ಹಾಗಾಗಿ ಕಾಡು ಜಾಸ್ತಿಯಾಗಿದೆ ಅಂತ ಬರೆಯುವುದು. ಅದಕ್ಕೇ ನಕ್ಷೆ ಮಾಡಿದವರು ಒಂದಷ್ಟು ಜಾಗಗಳಿಗೆ ನಡೆದು ಹೋಗಿ ನೋಡಿ ಬರಬೇಕು.

ಲ್ಯಾಬು, ನಕ್ಷೆ ಎರಡೂ ನನ್ನ ಕೈಲಿ ಆಗಲ್ಲ ಅಂತ ಒಂದು ವರ್ಷ ಓದಿದ ಮೇಲೂ ಅನಿಸಿದರೆ ಅದೂ ಪರವಾಗಿಲ್ಲ. ಜನ ಮತ್ತು ಕಾನೂನಿನ ಕಡೆ ದೊಡ್ಡ ಕೆಲಸ ಇದೆ. ಎಲಿನೋರ್ ಆಸ್ಟ್ರಮ್ ರಾಜ್ಯಶಾಸ್ತ್ರದವರು. ಮೀನುಗಾರಿಕೆ, ಕಾಡು, ನೀರಾವರಿ ಕಾಲುವೆಗಳನ್ನು ಹಂಚಿಕೊಂಡು ಬಳಸುವ ಜನ ತಮ್ಮ ನಡುವೆ ಯಾವ ನಿಯಮ ಮಾಡಿಕೊಳ್ಳುತ್ತಾರೆ ಅಂತ ನೋಡಿದವರು, 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಓಝೋನ್ ಪದರದ ವಿಷಯ ನೋಡಿ. ಫ್ರಿಜ್ಜು, ಸ್ಪ್ರೇಗಳ ಅನಿಲ ಓಝೋನನ್ನು ತಿನ್ನುತ್ತದೆ ಅಂತ ಮೊಲಿನಾ ಮತ್ತು ರೋಲ್ಯಾಂಡ್ 1974ರಲ್ಲಿ ಬರೆದರು, ಅಂಟಾರ್ಟಿಕದ ಮೇಲೆ ಓಝೋನ್ ತೆಳುವಾಗಿದ್ದು 1985ರಲ್ಲಿ ಪ್ರಕಟವಾಯಿತು, 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯಿತು. ರಸಾಯನಶಾಸ್ತ್ರದವರು ಹೇಳಿದ್ದನ್ನು ಒಪ್ಪಂದದ ಸಾಲುಗಳಾಗಿ ಬರೆದವರು, ಯಾವ ದೇಶ ಯಾವ ವರ್ಷದೊಳಗೆ ಎಷ್ಟು ಕಡಿಮೆ ಮಾಡಬೇಕು ಅಂತ ಕೂತು ಚೌಕಾಸಿ ಮಾಡಿದವರು ಬೇರೆಯೇ ಜನ. ಅವರಿಲ್ಲದಿದ್ದರೆ ವಿಜ್ಞಾನಿಗಳ ಪ್ರಬಂಧ ಗ್ರಂಥಾಲಯದಲ್ಲೇ ಇರುತ್ತಿತ್ತು.

ಆದರೆ ಈ ಕಡೆಗೂ ಕೈಕೆಲಸ ಬೇಕು. ನನಗೆ ಜನರ ಜೊತೆ ಮಾತಾಡೋಕೆ ಇಷ್ಟ ಅಂದರೆ ಸಾಲದು. "ಈ ಕಾರ್ಖಾನೆಯಿಂದ ನಿಮಗೆ ತೊಂದರೆ ಆಗಿದೆಯಾ?" ಅಂತ ಕೇಳಿದರೆ ಉತ್ತರವನ್ನು ನೀವೇ ಅವರ ಬಾಯಿಗೆ ಹಾಕಿದ ಹಾಗಾಯಿತು. "ಈ ನೀರನ್ನ ಯಾವುದಕ್ಕೆಲ್ಲ ಬಳಸ್ತೀರಿ? ಐದು ವರ್ಷದ ಹಿಂದೆ ಯಾವುದಕ್ಕೆ ಬಳಸ್ತಿದ್ರಿ?" ಅಂತ ಕೇಳಿ ಸುಮ್ಮನಾದರೆ ಅವರು ತಮಗೆ ಗೊತ್ತಿರುವುದನ್ನು ಹೇಳುತ್ತಾರೆ. ಪ್ರಶ್ನಾವಳಿ ಮಾಡುವುದು, ಯಾರನ್ನು ಕೇಳಬೇಕು ಅಂತ ಆರಿಸುವುದು, ಒಂದು ಕಾಯ್ದೆಯ ಕಲಮನ್ನು ಓದಿ ಸರಳವಾಗಿ ಬರೆಯುವುದು, ಇವನ್ನೂ ಲ್ಯಾಬ್ ಕೆಲಸದ ಹಾಗೆ ಅಭ್ಯಾಸ ಮಾಡಿಯೇ ಕಲಿಯಬೇಕು.

ಎಲ್ಲೆಲ್ಲಿ ಕೆಲಸ ಅಂದರೆ, ಹೊಸಬರು ಜಾಸ್ತಿ ಸೇರುವ ಒಂದು ಜಾಗ ಕನ್ಸಲ್ಟೆನ್ಸಿ. ಅಲ್ಲಿಯ ದೊಡ್ಡ ಕೆಲಸ ಪರಿಸರ ಪರಿಣಾಮ ಅಂದಾಜು. ಇದು ಅಮೆರಿಕದಲ್ಲಿ 1970ರ ಜನವರಿ 1ರಂದು ಸಹಿಯಾದ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಯಿಂದ ಶುರುವಾಗಿ ಈಗ ಹೆಚ್ಚಿನ ದೇಶಗಳ ಕಾನೂನಿನಲ್ಲಿ ಸೇರಿಕೊಂಡಿದೆ. ಯೋಜನೆ ಬರುವ ಮೊದಲು ಅಲ್ಲಿಯ ಗಾಳಿ, ನೀರು, ಮಣ್ಣು, ಪ್ರಾಣಿಪಕ್ಷಿ, ಜನಜೀವನ ಹೇಗಿದೆ ಅಂತ ದಾಖಲಿಸಿ, ಯೋಜನೆ ಬಂದರೆ ಏನಾಗುತ್ತದೆ ಅಂತ ಅಂದಾಜು ಮಾಡಿ, ಆ ಹಾನಿಯನ್ನು ತಪ್ಪಿಸುವುದು ಹೇಗೆ, ತಪ್ಪಿಸಲು ಆಗದಿದ್ದರೆ ತಗ್ಗಿಸುವುದು ಹೇಗೆ ಅಂತ ಬರೆಯುವುದು. ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ, ಒಂದೇ ವರ್ಷದಲ್ಲಿ ನೀರು, ಗಾಳಿ, ಪಕ್ಷಿ ಎಲ್ಲದರ ಜೊತೆ ಓಡಾಡುತ್ತೀರಿ.

ಆದರೆ ಒಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಬಹಳ ಕಡೆ ಆ ವರದಿಗೆ ದುಡ್ಡು ಕೊಡುವವರು ಯೋಜನೆ ಮಾಡಲು ಹೊರಟವರೇ. ಅವರಿಗೆ ಬೇಕಾಗಿರುವುದು ಅನುಮತಿ. ಒತ್ತಡ ಹೇಗೆ ಬರುತ್ತದೆ ಗೊತ್ತಾ? ಸುಳ್ಳು ಬರೆಯಿರಿ ಅಂತ ಬಾಯಿಬಿಟ್ಟು ಹೇಳುವುದು ಕಡಿಮೆ. ಈ ವಾಕ್ಯ ಸ್ವಲ್ಪ ಮೃದು ಮಾಡಿ, ಈ ಪಟ್ಟಿಯನ್ನು ಅನುಬಂಧಕ್ಕೆ ಹಾಕಿ, ಇನ್ನೊಂದು ಋತುವಿನ ಸರ್ವೆ ನಿಜವಾಗಿಯೂ ಬೇಕಾ ಅಂತ ಕೇಳುತ್ತಾರೆ. ಇದಕ್ಕೆ ನನ್ನ ಹತ್ತಿರ ಇರುವ ಉಪಾಯ ತುಂಬಾ ಸಾದಾ. ಬಯಲಿನ ನೋಟ್‌ಬುಕ್ ಇಟ್ಟುಕೊಳ್ಳಿ, ದಿನಾಂಕ, ಗಂಟೆ, ಜಾಗದ ಅಕ್ಷಾಂಶ ರೇಖಾಂಶ, ಹವೆ, ಕಂಡದ್ದು, ಕಾಣದ್ದು ಎಲ್ಲವನ್ನೂ ಅಲ್ಲಿಯೇ ನಿಂತು ಪೆನ್ನಿನಲ್ಲಿ ಬರೆಯಿರಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿ ಮಾಡಿ, ಅಳಿಸಬೇಡಿ. ನಾಳೆ ಯಾರಾದರೂ ಕೇಳಿದರೆ ನೀವು ಕಂಡದ್ದು ಬರಹದಲ್ಲಿ ಇರುತ್ತದೆ. ನೋಡದೇ ಇದ್ದದ್ದನ್ನು ನೋಡಿದ್ದೇನೆ ಅಂತ ಬರೆಯಲು ಹೇಳುವ ಕಡೆ ಹೊಸ ಕೆಲಸ ಹುಡುಕಲು ಶುರು ಮಾಡಿ. ಈ ಕ್ಷೇತ್ರ ಚಿಕ್ಕದು, ಹೆಸರು ಬೇಗ ಕೆಡುತ್ತದೆ.

ಇಂಥ ವರದಿ ಓದಲು ಈಗಲೇ ಶುರು ಮಾಡಬಹುದು, ಎಷ್ಟೋ ವರದಿಗಳು ಸಾರ್ವಜನಿಕವಾಗಿ ಸಿಗುತ್ತವೆ. ಸಾರಾಂಶ ಬಿಡಿ, ನೇರವಾಗಿ ಮೂಲಸ್ಥಿತಿಯ, ಅಂದರೆ ಯೋಜನೆಗೆ ಮೊದಲು ಆ ಜಾಗ ಹೇಗಿತ್ತು ಅನ್ನುವ, ಅಧ್ಯಾಯಕ್ಕೆ ಹೋಗಿ. ಸ್ಯಾಂಪಲ್ ತೆಗೆದ ದಿನಾಂಕ ಇದೆಯಾ? ಪಕ್ಷಿಗಳ ಪಟ್ಟಿ ಯಾವ ತಿಂಗಳಿನದು? ವಲಸೆ ಹಕ್ಕಿ ಬರುವ ಕಾಲದಲ್ಲಿ ಸರ್ವೆ ಆಗಿದೆಯಾ? ಆ ಹವೆಯಲ್ಲಿ ಇರಲು ಸಾಧ್ಯವೇ ಇಲ್ಲದ ಪ್ರಾಣಿಯ ಹೆಸರು ಪಟ್ಟಿಯಲ್ಲಿ ಕಂಡರೆ ಬೇರೆ ವರದಿಯಿಂದ ಎತ್ತಿ ಅಂಟಿಸಿದ್ದಾರೆ ಅಂತ ಅನುಮಾನ ಪಡಬಹುದು. ನಾಲ್ಕೈದು ವರದಿ ಹೀಗೆ ಓದಿದರೆ ಒಳ್ಳೆಯದು ಯಾವುದು, ಕಳಪೆ ಯಾವುದು ಅಂತ ನಿಮಗೇ ಗೊತ್ತಾಗುತ್ತದೆ.

ಕಾರ್ಖಾನೆ ಕೆಲಸವನ್ನು ಈ ಓದಿನವರು ಯಾಕೋ ಕೀಳಾಗಿ ನೋಡುತ್ತಾರೆ, ಶತ್ರು ಪಾಳೆಯ ಸೇರಿದ ಹಾಗೆ. ನನಗೆ ಹಾಗನಿಸುವುದಿಲ್ಲ. ಒಳಗಿದ್ದು ಒಂದು ಪೈಪಿನ ಸೋರಿಕೆ ನಿಲ್ಲಿಸಿದವರು ಹೊರಗಿನಿಂದ ಹತ್ತು ಪತ್ರ ಬರೆದವರಿಗಿಂತ ಜಾಸ್ತಿ ನೀರು ಉಳಿಸಿರಬಹುದು. ಐಎಸ್‌ಒ 14001 ಅನ್ನುವ ಪರಿಸರ ನಿರ್ವಹಣಾ ಮಾನದಂಡ 1996ರಿಂದ ಇದೆ, ಅದರ ಆಡಿಟ್ ಹೇಗೆ ನಡೆಯುತ್ತದೆ ಅಂತ ತಿಳಿದಿದ್ದರೆ ಇಲ್ಲಿ ಅನುಕೂಲ. ಇಂಗಾಲದ ಲೆಕ್ಕದ ಕೆಲಸವೂ ಬೆಳೆಯುತ್ತಿದೆ, ಹವಾಮಾನದ ಅಪಾಯಗಳನ್ನು ಕಂಪನಿಗಳು ಹೂಡಿಕೆದಾರರಿಗೆ ಹೇಗೆ ತಿಳಿಸಬೇಕು ಅನ್ನುವ ಅಂತರರಾಷ್ಟ್ರೀಯ ಮಾನದಂಡಗಳು 2023ರಲ್ಲಿ ಬಂದವು. ಅಲ್ಲಿ ಸ್ಕೋಪ್ 1, 2, 3 ಅಂತ ಮಾತಾಡುತ್ತಾರೆ: ಕಂಪನಿ ತಾನೇ ಸುಟ್ಟದ್ದು, ಕೊಂಡ ವಿದ್ಯುತ್ತಿನದು, ಮತ್ತೆ ಕಚ್ಚಾವಸ್ತು ತಂದವರಿಂದ ಹಿಡಿದು ಮಾಲನ್ನು ಕೊಂಡು ಬಳಸಿದವರ ತನಕ ಉಳಿದೆಲ್ಲದ್ದು. ಮೂರನೆಯದೇ ಗೋಜಲು, ಹಾಗಾಗಿ ಜನ ಬೇಕಾಗಿರುವುದೂ ಅಲ್ಲೇ. ಸರ್ಕಾರಿ ನಿಯಂತ್ರಣ ಸಂಸ್ಥೆ, ಎನ್‌ಜಿಒ, ಸಂಶೋಧನೆ, ಪತ್ರಿಕೋದ್ಯಮ ಇವೆಲ್ಲ ಇದ್ದೇ ಇವೆ. ಎನ್‌ಜಿಒ ಸೇರುವ ಮೊದಲು ಒಂದು ಮಾತು ಕೇಳಿ: ಈ ಯೋಜನೆಗೆ ಅನುದಾನ ಎಷ್ಟು ತಿಂಗಳು ಉಳಿದಿದೆ?

ಓದುವಾಗಲೇ ತಯಾರಿ ಅಂದರೆ ಹೀಗೆ ಮಾಡಿ. ಮೊದಲ ವರ್ಷ ಎಲ್ಲವನ್ನೂ ರುಚಿ ನೋಡಿ, ಸಂಖ್ಯಾಶಾಸ್ತ್ರ ಮಾತ್ರ ಬಿಡಬೇಡಿ. ಎರಡನೇ ವರ್ಷದ ಹೊತ್ತಿಗೆ ನೀರು, ಗಾಳಿ, ತ್ಯಾಜ್ಯ, ಕಾಡು, ಇಂಗಾಲ, ಕಾನೂನು ಇವುಗಳಲ್ಲಿ ಒಂದನ್ನು ಹಿಡಿಯಿರಿ, ಅದರ ಜೊತೆ ಜಿಐಎಸ್, ಆರ್ ಥರದ ಒಂದು ಉಪಕರಣ. ಜೀವನ ಪೂರ್ತಿ ಅದೇ ಅಂತಲ್ಲ, ಬದಲಾಯಿಸಬಹುದು. ಒಂದನ್ನು ಆಳವಾಗಿ ಕಲಿತವರು ಇನ್ನೊಂದನ್ನು ಬೇಗ ಕಲಿಯುತ್ತಾರೆ, ಯಾವುದನ್ನೂ ಹಿಡಿಯದವರೇ ಕೊನೆಗೆ ಸಿಕ್ಕಿಹಾಕಿಕೊಳ್ಳುವುದು.

ಪ್ರಾಜೆಕ್ಟಿಗೆ ಹವಾಮಾನ ಬದಲಾವಣೆ ಮತ್ತು ಸುಸ್ಥಿರ ಅಭಿವೃದ್ಧಿ ಅಂಥ ಭಾರೀ ವಿಷಯ ಬೇಡ. ಕ್ಯಾಂಪಸ್ಸಿನ ಕಸವನ್ನು ಒಂದು ವಾರ ಬಿಚ್ಚಿ, ವಿಂಗಡಿಸಿ ತೂಗಿ ನೋಡಿ. ಸುಲಭ ಅನಿಸುತ್ತದೆ ಅಲ್ವಾ? ಶುರು ಮಾಡಿದ ಮೇಲೆ ಒಂದೊಂದೇ ಪ್ರಶ್ನೆ ಎದ್ದು ಬರುತ್ತದೆ. ಊಟ ಅಂಟಿದ ಕಾಗದ ಹಸಿಯಾ, ಒಣಕಸವಾ? ಮಳೆ ಬಂದ ದಿನ ತೂಕ ಜಾಸ್ತಿ ಬಂದರೆ ಅದು ಕಸದ್ದಾ, ನೀರಿನದ್ದಾ? ಪರೀಕ್ಷೆಯ ವಾರದ ಅಂಕಿಯನ್ನು ಇಡೀ ವರ್ಷಕ್ಕೆ ಗುಣಿಸಬಹುದಾ? ಈ ಪ್ರಶ್ನೆಗಳಿಗೆ ನೀವು ಏನು ತೀರ್ಮಾನ ಮಾಡಿದಿರಿ, ಯಾಕೆ ಅಂತ ಬರೆದಿಟ್ಟರೆ ಅದೇ ನಿಮ್ಮ ವಿಧಾನದ ಅಧ್ಯಾಯ. ಫಲಿತಾಂಶವನ್ನು ಕ್ಯಾಂಪಸ್ ನೋಡಿಕೊಳ್ಳುವವರಿಗೆ ಎರಡು ಪುಟದಲ್ಲಿ ಬರೆದು ಕೊಡಿ. ಅವರು ಒಂದು ಡಬ್ಬಿಯ ಜಾಗ ಬದಲಾಯಿಸಿದರೂ ಸಂದರ್ಶನದಲ್ಲಿ ಹೇಳಲು ನಿಮ್ಮ ಹತ್ತಿರ ಒಂದು ಗಟ್ಟಿ ವಿಷಯ ಇರುತ್ತದೆ.

ಬರೆಯುವುದನ್ನು ಹಗುರವಾಗಿ ತಗೊಳ್ಳಬೇಡಿ. ಈ ಕ್ಷೇತ್ರದಲ್ಲಿ ಕೊನೆಗೆ ಎಲ್ಲವೂ ವರದಿಯೇ. ಗಣನೀಯ ಪ್ರಮಾಣದಲ್ಲಿ ಹೆಚ್ಚಾಗಿದೆ ಅಂತ ಬರೆದರೆ ಅಧಿಕಾರಿಗೆ ಏನೂ ಗೊತ್ತಾಗುವುದಿಲ್ಲ. ಎಲ್ಲಿ, ಯಾವಾಗ, ಎಷ್ಟಿದ್ದದ್ದು ಎಷ್ಟಾಯಿತು, ಮಿತಿ ಎಷ್ಟು ಅಂತ ಒಂದೇ ವಾಕ್ಯದಲ್ಲಿ ಹೇಳಲು ಕಲಿಯಿರಿ.

ಮಾಸ್ಟರ್ಸ್ ಮಾಡಲೇಬೇಕಾ? ಸಂಶೋಧನೆ, ಪಾಠ ಹೇಳುವ ಕೆಲಸ ಬೇಕಾದರೆ ಹೌದು, ಕಾಯುವುದರಲ್ಲಿ ಅರ್ಥವಿಲ್ಲ. ಉಳಿದವರಿಗೆ ನನ್ನ ಸಲಹೆ, ಮೊದಲು ಒಂದೆರಡು ವರ್ಷ ಕೆಲಸ ಮಾಡಿ. ಯಾವುದರಲ್ಲಿ ಮುಂದೆ ಓದಬೇಕು ಅನ್ನುವುದು ಆಗ ಸ್ಪಷ್ಟವಾಗುತ್ತದೆ. ಪದವಿಯ ಹೆಸರು ಅಗಲವಾಗಿದ್ದರೆ ಮಾಸ್ಟರ್ಸ್ ಕಿರಿದಾಗಿರಲಿ, ಜಲವಿಜ್ಞಾನವೋ, ಪರಿಸರ ಕಾನೂನೋ, ಉಪಗ್ರಹ ಚಿತ್ರಗಳನ್ನು ಓದುವ ದೂರಸಂವೇದನೆಯೋ. ಅಧ್ಯಯನದ ಮೇಲೆ ಮತ್ತೆ ಅದೇ ಅಗಲದ ಅಧ್ಯಯನ ಬೇಡ.

ಇಂಟರ್ನ್‌ಶಿಪ್‌ಗೆ ಪ್ರಕಟಣೆ ಬರುವ ತನಕ ಕಾಯಬೇಡಿ. ಎರಡನೇ ವರ್ಷದಲ್ಲೇ ಬರೆಯಲು ಶುರು ಮಾಡಿ, ದೊಡ್ಡ ಹೆಸರಿನ ಕಡೆಗಿಂತ ಚಿಕ್ಕ ಲ್ಯಾಬು, ಚಿಕ್ಕ ಕನ್ಸಲ್ಟೆನ್ಸಿಗಳಲ್ಲಿ ನಿಜವಾದ ಕೆಲಸ ಕೈಗೆ ಸಿಗುವ ಸಾಧ್ಯತೆ ಜಾಸ್ತಿ. ಮೇಲ್ ಉದ್ದ ಬೇಡ. ಅವರು ಮಾಡಿದ ಯಾವ ಕೆಲಸ ನೋಡಿದಿರಿ, ನಿಮಗೆ ಏನು ಮಾಡಲು ಬರುತ್ತದೆ, ಯಾವ ತಾರೀಕಿನಿಂದ ಯಾವ ತಾರೀಕಿನ ತನಕ ಬರಬಹುದು, ಇಷ್ಟೇ. ಜೊತೆಗೆ ನೀವೇ ಮಾಡಿದ ಒಂದು ನಕ್ಷೆ ಅಥವಾ ಆ ಎರಡು ಪುಟದ ವರದಿ ಲಗತ್ತಿಸಿ, ನಿಸರ್ಗ ಪ್ರೀತಿಯ ಸಾಲು ತೆಗೆದುಬಿಡಿ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಇನ್ನೊಂದು ಸಲ ಬರೆಯಿರಿ. ಎಷ್ಟೋ ಸಲ ಮೊದಲನೆಯದನ್ನು ಓದಿ, ಆಮೇಲೆ ಉತ್ತರ ಕೊಡೋಣ ಅಂತ ಮರೆತಿರುತ್ತೇವೆ.